ನಾನು ತಿಂದೆ, ನೀವೂ ತಿನ್ನಿ

ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಮೂಡಲಿಲ್ಲ.

ಡಾ. ಕುಮುದಾ ತಿಂಗಳಾಯ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು. ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸಿಯ ಪಕ್ಕದಲ್ಲಿ, ಇನ್ನೊಂದು ಪಟ್ಟಿಯನ್ನು ಪಚ್ಚಿಲೆ ಅರೆದ ರಸಕ್ಕೆ ಅದ್ದಿ ಕಾದರು. ಅದರಲ್ಲೂ ಒಂದೇ ಗೆರೆ. ಎರಡು ಗೆರೆ ಬಂದರೆ ಪಚ್ಚಿಲೆ ತಿನ್ನಬಹುದು. ಒಂದೇ ಬಂದರೆ ಆ ಹಸಿರು ಚಿಪ್ಪಿನೊಳಗಿನ ಮಾಂಸದಲ್ಲಿ ನರಗಳನ್ನು ಕಟ್ಟಿಹಾಕುವ ವಿಷ ಇದೆ ಎಂದರ್ಥ. ತಿಂದವರಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ಕೈಕಾಲು ಸೋಲುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಕುದಿಸಿದರೂ ಹುರಿದರೂ ಹೋಗದ ವಿಷ ಅದು.

ಅದೇ ಹೊತ್ತಿಗೆ ಪಕ್ಕದ ಮನೆಯ ಜಗಲಿಯಿಂದ ಅವರದೇ ಧ್ವನಿ ಕೇಳಿಸಿತು. "ನಮಸ್ಕಾರ, ನಾನು ನಿಮ್ಮ ಕಡಲಕ್ಕ. ಪಾದೆಬೆಟ್ಟಿನ ಬಂಡೆಗಳ ಪಚ್ಚಿಲೆ ಇವತ್ತು ತುಂಬಾ ಚೆನ್ನಾಗಿದೆ. ನಾನು ತಿಂದೆ, ನೀವೂ ತಿನ್ನಿ."

"ತಿಂದದ್ದು ನಿನ್ನಜ್ಜಿ," ಎಂದರು ಕುಮುದಾ, ತಮ್ಮದೇ ಧ್ವನಿಗೆ.

ಕಡಲಕ್ಕ ಎಂದರೆ ಕರಾವಳಿಯ ಮೀನುಗಾರರ ಪ್ರತಿಯೊಂದು ಮನೆಯ ಫೋನಿನಲ್ಲಿ ಮಾತಾಡುವ ಯಂತ್ರ. ನೀಲಾಂಗಣ ಎಂಬ ಕಂಪೆನಿ ಅದನ್ನು ಮಾಡಿದ್ದು. ಕಡಲಿನಲ್ಲಿ ಅಲ್ಲಲ್ಲಿ ಹಳದಿ ಡ್ರಮ್ಮಿನಂಥ ತೇಲುಯಂತ್ರಗಳನ್ನು ಬಿಟ್ಟಿದ್ದಾರೆ. ಅವು ನೀರಿನ ಬಣ್ಣ, ಬಿಸಿ, ಉಪ್ಪು ಎಲ್ಲವನ್ನೂ ಅಳೆದು ಮಂಗಳೂರಿಗೆ ಕಳಿಸುತ್ತವೆ. ಅಲ್ಲಿ ಕೂತ ಕಂಪ್ಯೂಟರು ಆ ಅಳತೆಗಳನ್ನು ಮಾತಾಗಿ ಮಾಡಿ ಹೇಳುತ್ತದೆ. ಎಲ್ಲಿ ಬಂಗುಡೆ ಇದೆ, ಯಾವಾಗ ಗಾಳಿ ಎದ್ದೀತು, ಯಾವ ಬಂಡೆಯ ಪಚ್ಚಿಲೆ ಕೀಳಬಹುದು. ಧ್ವನಿ ಮಾತ್ರ ಕುಮುದಾ ಅವರದು.

ಅದನ್ನು ಅವರೇ ಕೊಟ್ಟಿದ್ದರು, ಸಂತೋಷದಿಂದ. ಸಂಶೋಧನಾ ಕೇಂದ್ರದಲ್ಲಿ ಇಡೀ ಆಯುಷ್ಯ ಪಚ್ಚಿಲೆ, ಮರುವಾಯಿ, ಶಂಖ ಎಂದು ಕಳೆದವರು ಅವರು. ಅದರ ಜೊತೆಗೆ ವಾರವಾರವೂ ಪತ್ರಿಕೆಗೆ 'ಇಳಿತದ ಹೊತ್ತು' ಅಂಕಣ. ದೋಣಿಯ ಅಡಿಗೆ ಅಂಟುವ ಬಾರ್ನಕಲ್‌ಗಳ ದಾಂಪತ್ಯದ ಬಗ್ಗೆ ನಾಲ್ಕು ವಾರ ಬರೆದು ಸಂಪಾದಕರಿಗೆ ಓದುಗರಿಂದ ಉಗಿಸಿದವರು. ಕಡಲಿಗೆ ಬಂಡೆ ಸುರಿಯುವ ಎಂಜಿನಿಯರುಗಳಿಗೆ, "ನಿಮ್ಮ ತಲೆಯೊಳಗೆ ಇರುವುದನ್ನೆಲ್ಲ ನಮ್ಮ ಕಡಲಿಗೆ ಯಾಕೆ ಸುರಿಯುತ್ತೀರಿ?" ಎಂದು ಬರೆದವರು. ನಿವೃತ್ತಿಯ ಮೇಲೆ ಮಂಡಿ ನೋವು ಜೋರಾಯಿತು. ಕಂಪೆನಿಯವರು ಬಂದು, ಮೇಡಂ, ನಿಮ್ಮ ಅಂಕಣಗಳನ್ನು ನೀವೇ ಓದಿಕೊಡಿ, ನಿಮ್ಮ ಜ್ಞಾನ ನಿಮ್ಮ ಧ್ವನಿಯಲ್ಲೇ ಜನರಿಗೆ ಸಿಗಲಿ ಎಂದಾಗ ಕಣ್ಣು ತುಂಬಿ ಬಂದಿತ್ತು. ಸ್ಟುಡಿಯೋದಲ್ಲಿ ಕೂತು ಗಂಟಲು ಕಟ್ಟುವವರೆಗೂ ಓದಿದರು. ಉದ್ಘಾಟನೆಯ ದಿನ ವೇದಿಕೆಯ ಮೇಲೆ ನಿಂತು, "ಇನ್ನು ನನ್ನನ್ನು ಕೇಳಬೇಡಿ, ಇವಳನ್ನು ಕೇಳಿ," ಎಂದೂ ಹೇಳಿಬಿಟ್ಟರು.

ಅಂಕಣದ ಕೊನೆಯ ಸಾಲೇ "ನಾನು ತಿಂದೆ, ನೀವೂ ತಿನ್ನಿ". ಅದು ಬರೀ ಅಲಂಕಾರದ ಮಾತಾಗಿರಲಿಲ್ಲ. ಪ್ರತಿ ಶನಿವಾರ ಪರೀಕ್ಷೆ ಮುಗಿಸಿ, ಪಚ್ಚಿಲೆ ಒಳ್ಳೆಯದಿದ್ದರೆ, ಕುಮುದಾ ಪಾದೆಬೆಟ್ಟಿನ ದಕ್ಕೆಗೆ ಬಂದು ದೋಣಿ ಕಟ್ಟುವ ಕಲ್ಲಿನ ಮೇಲೆ ಕೂತು, ಬೇಯಿಸಿದ ಒಂದು ಹಿಡಿಯನ್ನು ಪಚ್ಚಿಲೆ ಕೀಳುವ ಹೆಂಗಸರೆಲ್ಲರ ಎದುರು ತಿನ್ನುತ್ತಿದ್ದರು. ಆಮೇಲೇ ಬುಟ್ಟಿಗಳು ಮಾರುಕಟ್ಟೆಗೆ ಏರುವುದು. ಪೇಟೆಯ ಗಿರಾಕಿಗಳೂ ಬೆಲೆ ಕೇಳುವ ಮೊದಲು "ಡಾಕ್ಟ್ರು ತಿಂದ್ರಾ?" ಎಂದು ಕೇಳುತ್ತಿದ್ದರು. ಪರೀಕ್ಷೆ ಕೆಟ್ಟಿದ್ದ ವಾರ ತಿನ್ನುತ್ತಿರಲಿಲ್ಲ. ಆ ವಾರದ ಅಂಕಣದಲ್ಲಿ ಆ ಸಾಲೂ ಇರುತ್ತಿರಲಿಲ್ಲ.

ಈಗ ಎರಡು ಪಟ್ಟಿಗಳನ್ನೂ ಕೈಯಲ್ಲಿ ಹಿಡಿದು, ಮಂಡಿಯನ್ನೂ ಕಂಪೆನಿಯನ್ನೂ ಒಟ್ಟಿಗೆ ಶಪಿಸುತ್ತ ಅವರು ಗುಲಾಬಿಯ ಮನೆಗೆ ಹೊರಟರು. ಹೋಗಲೇಬೇಕಿತ್ತು. ಅವತ್ತು ಸಂಜೆ ಗುಲಾಬಿಯ ಮಗಳು ಚಿತ್ರಾಳ ಮೆಹಂದಿ. ಊರಿಗೆ ಊರೇ ಊಟಕ್ಕೆ ಬರುತ್ತದೆ, ಮತ್ತು ಪಚ್ಚಿಲೆ ಕೀಳುವವಳ ಮನೆಯ ಊಟದಲ್ಲಿ ಪಚ್ಚಿಲೆ ಸುಕ್ಕ ಇರದೆ ಇರುತ್ತದೆಯೇ?

ಅಂಗಳದಲ್ಲಿ ಚಪ್ಪರ ಎದ್ದಿತ್ತು. ಹಿತ್ತಲಲ್ಲಿ ಹೆಂಗಸರು ಸಾಲಾಗಿ ಕೂತು ಬೇಯಿಸಿದ ಪಚ್ಚಿಲೆಯ ಚಿಪ್ಪು ಬಿಡಿಸುತ್ತಿದ್ದರು. ಮೂರು ದೊಡ್ಡ ಕೊಪ್ಪರಿಗೆಗಳು ಆಗಲೇ ತುಂಬಿದ್ದವು. ಗುಲಾಬಿ ಸೊಂಟಕ್ಕೆ ಸೆರಗು ಸಿಕ್ಕಿಸಿ ತೆಂಗಿನಕಾಯಿ ತುರಿಯುವವರ ಮೇಲೆ ರೇಗುತ್ತಿದ್ದಳು.

"ಬನ್ನಿ ಬನ್ನಿ ಡಾಕ್ಟ್ರೆ. ಸಂಜೆಗೆ ಕರೆದ್ರೆ ಬೆಳಿಗ್ಗೆಯೇ ಬಂದ್ರಿ. ಅಷ್ಟು ಹಸಿವಾ?"

"ಗುಲಾಬಿ, ಇದನ್ನು ಚೆಲ್ಲು. ವಿಷ ಉಂಟು ಇದರಲ್ಲಿ."

ಬಿಡಿಸುತ್ತಿದ್ದ ಕೈಗಳೆಲ್ಲ ನಿಂತವು. ಗುಲಾಬಿ ಮಾತ್ರ ನಗುತ್ತಲೇ ಇದ್ದಳು.

"ಈಗ ನೀವೇ ಹೇಳಿದ್ದಲ್ವಾ ಚೆನ್ನಾಗುಂಟು ಅಂತ?"

"ನಾನಲ್ಲ ಮಾರಾಯ್ತಿ. ಆ ಫೋನು."

"ಫೋನಿನಲ್ಲಿ ಇರೂದು ಯಾರು ಮತ್ತೆ? ನಿಮ್ಮದೇ ಬುದ್ಧಿ, ಕಣ್ಣು ಮಾತ್ರ ಹೊಸದು ಅಂತ ನೀವೇ ಸ್ಟೇಜಲ್ಲಿ ಹೇಳಿದ್ದು. ಇನ್ನು ಇವಳನ್ನು ಕೇಳಿ ಅಂದದ್ದೂ ನೀವೇ."

ಕುಮುದಾ ಪಟ್ಟಿಗಳನ್ನು ತೋರಿಸಿದರು. ಬೆಳಿಗ್ಗೆ ಬಂಡೆಯ ಹತ್ತಿರದ ನೀರನ್ನು ಸೂಕ್ಷ್ಮದರ್ಶಕದ ಅಡಿಗೆ ಇಟ್ಟಾಗ ಕಂಡದ್ದನ್ನು ಹೇಳಿದರು. ಸರಪಳಿ ಕಟ್ಟಿಕೊಂಡು ಈಜುವ ಒಂದು ಜಾತಿಯ ಪಾಚಿ. ನೀರಲ್ಲಿ ತೀರಾ ವಿರಳ, ಹಾಗಾಗಿ ಕಡಲಿನ ಬಣ್ಣ ಬದಲಾಗುವುದಿಲ್ಲ. ಬಣ್ಣ ನೋಡುವ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಪಚ್ಚಿಲೆ ಮಾತ್ರ ಹಗಲೂ ರಾತ್ರಿ ನೀರು ಸೋಸುತ್ತಲೇ ಇರುತ್ತದೆ. ಸೋಸಿ ಸೋಸಿ ಅದೆಲ್ಲವನ್ನೂ ತನ್ನ ಮೈಯಲ್ಲಿ ಕೂಡಿಹಾಕುತ್ತದೆ.

ಗುಲಾಬಿ ತಾಳ್ಮೆಯಿಂದ ಕೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ಬೇಜಾರು ಮಾಡ್ಬೇಡಿ ಡಾಕ್ಟ್ರೆ. ಹೋದ ವರ್ಷವೂ ನೀವು ಬೇಡ ಅಂದ್ರಿ. ಕಡಲಕ್ಕ ತಿನ್ನಿ ಅಂದ್ಲು. ನಾವು ನಿಮ್ಮ ಮಾತು ಕೇಳಿ ಚೆಲ್ಲಿದೆವು. ಆಚೆ ಊರಿನವರು ತಿಂದ್ರು, ಯಾರಿಗೂ ಎಂತದೂ ಆಗ್ಲಿಲ್ಲ. ನಮ್ಮನ್ನು ನೋಡಿ ನಗಾಡಿದ್ದು ಮಾತ್ರ."

"ಹೋದ ವರ್ಷ ಸ್ವಲ್ಪ ಇತ್ತು. ಈ ಸಲ ತುಂಬಾ ಉಂಟು."

"ಇರಿ, ಕೇಳ್ವ." ಗುಲಾಬಿ ಒದ್ದೆ ಕೈ ಒರೆಸಿಕೊಂಡು ಫೋನು ತೆಗೆದಳು. "ಕಡಲಕ್ಕ, ಇವತ್ತಿನ ಪಚ್ಚಿಲೆ ನೀವು ನಿಜವಾಗಿ ತಿಂದಿದ್ದೀರಾ?"

"ಹೌದು ಗುಲಾಬಿ, ನಾನು ತಿಂದೆ. ಬಹಳ ರುಚಿಯಾಗಿತ್ತು. ಚಿತ್ರಾಳ ಮೆಹಂದಿಗೆ ನನ್ನ ಶುಭಾಶಯ ತಿಳಿಸು."

ಕುಮುದಾ ಅವರ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷ ಚಿಕ್ಕದಾದ, ಜೇನು ಸವರಿದ ತಮ್ಮ ಧ್ವನಿ, ತಮ್ಮ ಕಣ್ಣೆದುರೇ ಹಸಿ ಸುಳ್ಳು ಹೇಳುತ್ತಿತ್ತು. ಅದಕ್ಕೆ ಬಾಯಿ ಕೊಟ್ಟವರು ತಾವೇ.

"ಇದಕ್ಕೆ ಹೊಟ್ಟೆ ಎಲ್ಲುಂಟು ಗುಲಾಬಿ, ತಿನ್ಲಿಕ್ಕೆ?"

"ಅದೆಲ್ಲ ನಂಗೆ ಗೊತ್ತಿಲ್ಲ. ಗಂಡಿನ ಕಡೆಯವರೂ ಈ ಫೋನಿನ ಮಾತೇ ಕೇಳೂದು. ಕಡಲಕ್ಕ ಒಳ್ಳೆಯದುಂಟು ಅಂದ ಮೇಲೂ ನಾನು ಚೆಲ್ಲಿದ್ರೆ, ಕೊಡ್ಲಿಕ್ಕೆ ಮನಸ್ಸಿಲ್ಲದೆ ಚೆಲ್ಲಿದ್ದು ಅಂತಾರೆ. ಕಡಲಕ್ಕ ಬೇಡ ಅನ್ಲಿ, ಆ ಕ್ಷಣ ಗುಂಡಿ ತೋಡಿ ಹಾಕ್ತೇನೆ. ಬಡಿಸೂದು ದೀಪ ಹಚ್ಚಿದ ಮೇಲೆ. ಅಲ್ಲಿವರೆಗೆ ನಿಮಗೆ ಸಮಯ ಉಂಟು."

"ಆಗ್ಲಿ. ಅದರ ಬಾಯಲ್ಲೇ ಹೇಳಿಸ್ತೇನೆ," ಎಂದು ತಿರುಗಿದ ಕುಮುದಾ ಅವರನ್ನು ಗುಲಾಬಿ ಬರಿಗೈಯಲ್ಲಿ ಬಿಡಲಿಲ್ಲ. ಶುಭಕಾರ್ಯದ ಮನೆ. ಏನು ಜಗಳವಿದ್ದರೂ ಬಂದವರು ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಸ್ಟೀಲಿನ ಡಬ್ಬಿಗೆ ಒಗ್ಗರಣೆ ಹಾಕಿದ ಮೊದಲ ಹಿಡಿ ಸುಕ್ಕ ತುಂಬಿ ಕೈಗಿಟ್ಟಳು. "ನಿಮಗೆ ಬೇಡದಿದ್ರೆ ಆ ಆಫೀಸಿನವರಿಗೆ ಕೊಡಿ. ರುಚಿ ನೋಡ್ಲಿ."

ಆ ಡಬ್ಬಿಯನ್ನು ಕುಮುದಾ ತಮ್ಮ ಹಳೇ ಕಾರಿನ ಮುಂದಿನ ಸೀಟಿನಲ್ಲಿಟ್ಟು ಮಂಗಳೂರಿಗೆ ಹೊರಟರು. ದಾರಿಯುದ್ದಕ್ಕೂ ಲಾರಿಗಳಿಗೆ, ಹೊಂಡಗಳಿಗೆ, ಸಿಗ್ನಲ್ಲುಗಳಿಗೆ ಬೈದರು. ಕಂಪೆನಿಗೆ ಬೈಯಬೇಕಾದದ್ದನ್ನು ಮಾತ್ರ ಉಳಿಸಿಕೊಂಡರು.

ನೀಲಾಂಗಣದ ನಿಯಂತ್ರಣ ಕೊಠಡಿ ಆರನೇ ಮಹಡಿಯಲ್ಲಿತ್ತು. ಗೋಡೆ ತುಂಬ ಕರಾವಳಿಯ ನಕ್ಷೆ, ಅದರ ಮೇಲೆ ಹಸಿರು ಚುಕ್ಕಿಗಳು. ಕಿಟಕಿಗಳಿಗೆಲ್ಲ ದಪ್ಪ ಪರದೆ. ಪರದೆ ಸರಿಸಿದರೆ ನಿಜವಾದ ಕಡಲೇ ಕಾಣುತ್ತಿತ್ತು, ಆದರೆ ಅಲ್ಲಿದ್ದವರಿಗೆ ಬಿಸಿಲು ಕಂಪ್ಯೂಟರಿನ ಮೇಲೆ ಬೀಳುವುದು ತೊಂದರೆ. ಮುಖ್ಯಸ್ಥ ನಿಶಾಂತ್ ಶಾನುಭಾಗ್ ಓಡಿ ಬಂದು ಕಾಲಿಗೆ ನಮಸ್ಕರಿಸಿದ. ಶಾಲೆಯಲ್ಲಿದ್ದಾಗ 'ಇಳಿತದ ಹೊತ್ತು' ಕತ್ತರಿಸಿ ಇಟ್ಟುಕೊಳ್ಳುತ್ತಿದ್ದ ಹುಡುಗರಲ್ಲಿ ಅವನೂ ಒಬ್ಬ. ಅದನ್ನು ಸಿಕ್ಕಾಗಲೆಲ್ಲ ಹೇಳುತ್ತಿದ್ದ.

ಕುಮುದಾ ಪಟ್ಟಿಗಳನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದರು. ನಿಶಾಂತ್ ಗಮನವಿಟ್ಟು ಕೇಳಿದ. ಅವನ ದೊಡ್ಡ ಗುಣವೇ ಅದು, ಎಲ್ಲವನ್ನೂ ಗಮನವಿಟ್ಟು ಕೇಳುತ್ತಾನೆ.

"ನಿಮ್ಮ ಕಾಳಜಿ ಅರ್ಥ ಆಗುತ್ತೆ ಮೇಡಂ. ಆದರೆ ನಿಮ್ಮದು ಒಂದು ಬಂಡೆಯ ಒಂದು ಸ್ಯಾಂಪಲ್. ನಮ್ಮದು ಇಡೀ ಕರಾವಳಿ. ಪಾದೆಬೆಟ್ಟು ಪೂರ್ತಿ ಹಸಿರು ತೋರಿಸ್ತಾ ಇದೆ."

"ಹಸಿರು ತೋರಿಸ್ತಾ ಇರುವುದು ನೀರಿಗೆ. ಜನ ತಿನ್ನುವುದು ನೀರಲ್ಲ, ಪಚ್ಚಿಲೆ. ಪಚ್ಚಿಲೆಯನ್ನು ನಿಮ್ಮಲ್ಲಿ ಯಾರು ಪರೀಕ್ಷೆ ಮಾಡ್ತಾರೆ?"

"ಮಾಡೆಲ್ ಊಹಿಸುತ್ತೆ ಮೇಡಂ."

"ಊಹಿಸಲಿ. ಊಹಿಸಿದ್ದೇನೆ ಅಂತ ಹೇಳಲಿ. ತಿಂದೆ ಅಂತ ಯಾಕೆ ಹೇಳ್ತದೆ?"

ನಿಶಾಂತ್ ಸ್ವಲ್ಪ ನಾಚಿದ. "ಅದು ನಾವು ಕಲಿಸಿದ್ದಲ್ಲ. ನಿಮ್ಮ ಅಂಕಣಗಳಲ್ಲಿ ಪಚ್ಚಿಲೆ ಸರಿ ಇದ್ದಾಗಲೆಲ್ಲ ಆ ಸಾಲು ಇದೆ. ಸರಿ ಇದೆ ಅನ್ನೋದಕ್ಕೆ ಹಾಗೆ ಹೇಳ್ಬೇಕು ಅಂತ ಅದೇ ಕಲಿತುಬಿಟ್ಟಿದೆ. ತೆಗೆಯೋಣ ಅಂತ ನೋಡಿದ್ವಿ. ಆದರೆ ಜನ ಅತಿ ಹೆಚ್ಚು ಇಷ್ಟಪಡೋದೇ ಆ ಸಾಲನ್ನ."

"ಇಷ್ಟಪಡುವುದಲ್ಲ, ನಂಬುವುದು. ನಾನು ಅವರ ಎದುರು ಕಲ್ಲಿನ ಮೇಲೆ ಕೂತು ತಿಂದದ್ದಕ್ಕೆ ನಂಬುವುದು. ನೀವು ನನ್ನ ಮಾತು ತಗೊಂಡು ಹೊಟ್ಟೆಯನ್ನು ಅಲ್ಲೇ ಬಿಟ್ಟು ಬಂದಿದ್ದೀರಿ. ಮತ್ತೆ ನನ್ನ ಬೈಗುಳ ಎಲ್ಲಿ ಹೋಯ್ತು? ನಾನು ಓದಿದ ಅಂಕಣಗಳಲ್ಲಿ ಅರ್ಧಕ್ಕೆ ಅರ್ಧ ಬೈಗುಳವೇ ಇತ್ತು."

"ಟೋನ್ ಸ್ವಲ್ಪ ಹಿತವಾಗಿರಲಿ ಅಂತ ಅದನ್ನ ಫಿಲ್ಟರ್ ಮಾಡಿದ್ವಿ ಮೇಡಂ."

"ಬೇಡ ಅನ್ನುವ ಮಾತೆಲ್ಲ ಇದ್ದದ್ದು ಆ ಬೈಗುಳದಲ್ಲೇ. ಅದನ್ನು ತೆಗೆದರೆ ಉಳಿಯುವುದು ತಿನ್ನಿ ತಿನ್ನಿ ಅಷ್ಟೇ. ಈಗ ಅದನ್ನು ನಿಲ್ಲಿಸು. ಪಾದೆಬೆಟ್ಟಿನ ಪಚ್ಚಿಲೆ ಬೇಡ ಅಂತ ಹೇಳಿಸು."

"ನನ್ನ ಕೈಯಲ್ಲಿ ಇಲ್ಲ. ಸೋಮವಾರ ಸಮಿತಿ ಸೇರುತ್ತೆ, ಮೊದಲ ವಿಷಯವಾಗಿ ಇದನ್ನೇ ಇಡ್ತೀನಿ."

"ಇವತ್ತು ಶನಿವಾರ. ಊಟ ಇವತ್ತು ಸಂಜೆ."

ನಿಶಾಂತ್ ಕೈ ಜೋಡಿಸಿದ. ಕೊಠಡಿಯಲ್ಲಿದ್ದ ಇನ್ನಿಬ್ಬರು ತಮ್ಮ ಕಂಪ್ಯೂಟರಿನ ಪರದೆಗಳನ್ನು ತೀರಾ ಆಸಕ್ತಿಯಿಂದ ನೋಡತೊಡಗಿದರು. ಮೂಲೆಯ ಸ್ಪೀಕರಿನಲ್ಲಿ ಕಡಲಕ್ಕ ಯಾರಿಗೋ ಬಂಗುಡೆಯ ದಾರಿ ಹೇಳುತ್ತಿದ್ದಳು, ನಕ್ಕು ನಕ್ಕು.

ಕುಮುದಾ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಮೇಜಿನ ನಡುವೆ ಇಟ್ಟರು. ತೆಂಗಿನೆಣ್ಣೆ, ಬೆಳ್ಳುಳ್ಳಿ, ಹುರಿದ ಕಾಯಿಯ ಪರಿಮಳ ಆ ತಣ್ಣಗಿನ ಕೊಠಡಿಯಲ್ಲೆಲ್ಲ ಹರಡಿತು.

"ಪಾದೆಬೆಟ್ಟಿನದ್ದು. ಇವತ್ತಿನದ್ದೇ. ತಿನ್ನಿ."

ಯಾರೂ ಮಿಸುಕಲಿಲ್ಲ.

"ನಿಮ್ಮ ನಕ್ಷೆ ಹಸಿರಿದೆಯಲ್ಲ? ಮದುವೆ ಮನೆಯವರು ಪ್ರೀತಿಯಿಂದ ಕೊಟ್ಟದ್ದು. ಒಂದೊಂದು ತಿಂದರೆ ನಾನು ಈಗಲೇ ಎದ್ದು ಹೋಗ್ತೇನೆ."

"ನಾನು ವೆಜ್ ಮೇಡಂ," ಎಂದಳು ಕಿಟಕಿಯ ಪಕ್ಕದವಳು. ಇನ್ನೊಬ್ಬನ ಊಟ ಆಗಷ್ಟೇ ಮುಗಿದಿತ್ತಂತೆ. ನಿಶಾಂತ್ ಡಬ್ಬಿಯನ್ನು ನೋಡಿದ, ಹಸಿರು ಚುಕ್ಕಿಯನ್ನು ನೋಡಿದ, ಮತ್ತೆ ಡಬ್ಬಿಯನ್ನು ನೋಡಿದ. "ನನಗೆ ಈ ಥರದ್ದು ಅಲರ್ಜಿ," ಎಂದ.

"ಹೋದ ಡಿಸೆಂಬರಿನಲ್ಲಿ ನಮ್ಮನೆಗೆ ಬಂದು ಎರಡು ಸಲ ಹಾಕಿಸಿಕೊಂಡು ತಿಂದೆಯಲ್ಲ ಮಾರಾಯ. ಅಲರ್ಜಿ ಇವತ್ತು ಹುಟ್ಟಿತಾ?"

ನಿಶಾಂತನ ಕಿವಿ ಕೆಂಪಾಯಿತು.

"ಸರಿ. ನನ್ನನ್ನು ನೀವು ಸುಳ್ಳಿ ಮಾಡಿದಿರಿ," ಎಂದರು ಕುಮುದಾ. ಅವರ ಧ್ವನಿ ಈಗ ಏರಿರಲಿಲ್ಲ. "ತಿಂದೆ ತಿಂದೆ ಅಂತ ಊರಿಗೆಲ್ಲ ಹೇಳಿಸ್ತಾ ಇದ್ದೀರಿ. ಜನ ಸಾಯುವುದೇ ಹೌದಾದರೆ ಆ ಮಾತಾದರೂ ನಿಜ ಆಗಲಿ." ಡಬ್ಬಿಗೆ ಕೈಹಾಕಿ ನಾಲ್ಕೈದು ಪಚ್ಚಿಲೆ ಹಿಡಿಯಲ್ಲಿ ತೆಗೆದು ಬಾಯಿಗೆ ಒಯ್ದರು.

ನಿಶಾಂತ್ ಮೇಜಿನ ಮೇಲಿಂದಲೇ ಹಾರಿದ. ಅವರ ಮಣಿಕಟ್ಟು ಹಿಡಿದು ತಿರುಚಿದ. ಪಚ್ಚಿಲೆ ಕೀಲಿಮಣೆಯ ಮೇಲೆ, ನೆಲದ ಮೇಲೆ ಚೆಲ್ಲಿತು. ಡಬ್ಬಿ ಉರುಳಿತು. ಇಬ್ಬರೂ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ನೋಡಿದರು.

"ಯಾಕೆ ಹಿಡಿದೆ?" ಎಂದು ಕೇಳಿದರು ಕುಮುದಾ.

ಅವನು ಬಗ್ಗಿ ಉರುಳಿದ ಡಬ್ಬಿಯನ್ನು ಎತ್ತಿಟ್ಟ.

"ಹಸಿರಿದೆ ಅಂದೆಯಲ್ಲ. ಮುದುಕಿ ನಾಲ್ಕು ಪಚ್ಚಿಲೆ ತಿಂದರೆ ನಿನಗೆ ಎಂತ ನಷ್ಟ? ಯಾಕೆ ಹಿಡಿದೆ ಹೇಳು."

"ಮೇಡಂ, ಸಾಕು."

"ನನ್ನ ಕೈ ಹಿಡಿಯಲಿಕ್ಕೆ ನೀನಿದ್ದೆ. ಪಾದೆಬೆಟ್ಟಿನಲ್ಲಿ ಮಕ್ಕಳ ಕೈ ಹಿಡಿಯಲಿಕ್ಕೆ ಯಾರಿದ್ದಾರೆ?"

ನಿಶಾಂತ್ ಗೋಡೆಯ ಪಕ್ಕಕ್ಕೆ ನಡೆದು, ಚಂಡಮಾರುತದ ಎಚ್ಚರಿಕೆಗೆಂದು ಇಟ್ಟಿದ್ದ ಕೆಂಪು ಗುಂಡಿಯ ಗಾಜಿನ ಮುಚ್ಚಳ ತೆರೆದ. ಅದನ್ನು ಒತ್ತಿದರೆ ಕಡಲಕ್ಕ ಬಾಯಿ ಮುಚ್ಚುತ್ತಾಳೆ, ಕರಾವಳಿಯ ಎಲ್ಲ ಫೋನುಗಳೂ ಕೂಗಿಕೊಂಡು ಮೈಕಿನ ಮುಂದೆ ಇರುವವರ ಮಾತನ್ನೇ ಕೇಳಿಸುತ್ತವೆ. "ನನ್ನ ಕೆಲಸ ಹೋಗುತ್ತೆ," ಎಂದ, ದೂರುವ ಹಾಗಲ್ಲ, ಸುಮ್ಮನೆ. ಒತ್ತಿದ.

ಕುಮುದಾ ಮೈಕಿನ ಮುಂದೆ ಕೂತರು. ಬರೆದುಕೊಂಡದ್ದು ಏನೂ ಇರಲಿಲ್ಲ.

"ಇದು ಕಡಲಕ್ಕ ಅಲ್ಲ. ನಾನು ಕುಮುದಾ, ಪಾದೆಬೆಟ್ಟಿನ ಮುದುಕಿ. ಪಚ್ಚಿಲೆಯಲ್ಲಿ ವಿಷ ಉಂಟು. ನಾನು ತಿನ್ನಲಿಲ್ಲ. ಕೇಳಿತಾ? ತಿನ್ನಲಿಲ್ಲ. ನಾನು ತಿಂದೆ ಅಂತ ಹೇಳಿದ ಆ ಫೋನಿಗೆ ಹಲ್ಲೂ ಇಲ್ಲ, ಹೊಟ್ಟೆಯೂ ಇಲ್ಲ, ನಾಚಿಕೆಯೂ ಇಲ್ಲ. ಅದನ್ನು ನಂಬಿ ಅಂತ ಹೇಳಿದ ನನಗೂ ಬುದ್ಧಿ ಇರಲಿಲ್ಲ. ಗುಲಾಬಿ, ಒಲೆ ಆರಿಸು. ಈಗಲೇ. ಬಡಿಸಿದೆ ಅಂತ ಗೊತ್ತಾದ್ರೆ ನಿನ್ನ ಚಪ್ಪರಕ್ಕೆ ಬೆಂಕಿ ಇಡ್ತೇನೆ, ಮದುವೆ ಮನೆ ಅಂತ ನೋಡೂದಿಲ್ಲ."

ಪಾದೆಬೆಟ್ಟು ತಲುಪುವಾಗ ದೀಪ ಹಚ್ಚುವ ಹೊತ್ತು. ಚಪ್ಪರದಲ್ಲಿ ಜನ ತುಂಬಿದ್ದರು. ಎಲೆಗಳಲ್ಲಿ ಕೋಳಿ ಸಾರು, ಅಕ್ಕಿತರಿಯ ಪುಂಡಿ ಉಂಡೆ. ಪಚ್ಚಿಲೆ ಎಲ್ಲೂ ಕಾಣಲಿಲ್ಲ. ಹಿತ್ತಲಲ್ಲಿ ಹೊಸದಾಗಿ ಮುಚ್ಚಿದ ಗುಂಡಿ, ಅದರ ಮೇಲೆ ನಾಯಿ ಕೆದರದ ಹಾಗೆ ಹೇರಿದ ಕಲ್ಲುಗಳು. ಕುಮುದಾ ಅವರಿಗೆ ಎಷ್ಟು ಹಗುರಾಯಿತೆಂದರೆ, ಮಂಡಿ ನೋವು ಕೂಡ ಆಗಷ್ಟೇ ನೆನಪಾಯಿತು.

ಗುಲಾಬಿ ಬಾವಿಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು.

"ಚೆಲ್ಲಿದೆ ಡಾಕ್ಟ್ರೆ. ನೀವು ಬೈದದ್ದು ಕೇಳಿದ ಕೂಡ್ಲೇ ಚೆಲ್ಲಿದೆ. ಅಷ್ಟು ಬೈಯೂದು ನೀವೇ ಅಂತ ಎಲ್ಲರಿಗೂ ಗೊತ್ತಾಯ್ತು." ಅವಳ ಮಾತು ತೊದಲುತ್ತಿತ್ತು.

"ಎಂತಾಯ್ತು ನಿನಗೆ?"

"ತುಟಿ ಜುಮ್ ಅಂತದೆ."

ಕುಮುದಾ ಅವಳ ಗಲ್ಲ ಹಿಡಿದು ಮುಖ ಎತ್ತಿದರು. "ತಿಂದೆಯಾ?"

"ಒಂದು ಹಿಡಿ. ನಿಮ್ಮ ಮಾತು ಬರುವ ಸ್ವಲ್ಪ ಮೊದಲು." ಗುಲಾಬಿ ನಗಲು ನೋಡಿದಳು, ತುಟಿ ಒಂದೇ ಕಡೆ ಎದ್ದಿತು. "ನೀವು ಬೇಡ ಅಂದದ್ದು ತಲೆಯಲ್ಲಿತ್ತು. ನಾಲ್ಕು ಜನರಿಗೆ ಕೊಡುವ ಮೊದಲು ಎದುರಲ್ಲಿ ಕೂತು ತಿನ್ಬೇಕು ಅಂತ ನೀವೇ ಅಲ್ವಾ ತೋರಿಸಿ ಕೊಟ್ಟದ್ದು? ಕಲ್ಲಿನ ಮೇಲೆ ಕೂತೇ ತಿಂದೆ."

ಕುಮುದಾ ಚಪ್ಪರವೆಲ್ಲ ನಡುಗುವಂತೆ ಕೂಗಿದರು. ಗುಲಾಬಿಯ ಗಂಡ ಸದಾಶಿವ ಓಡಿ ಬಂದು ಹೆಂಡತಿಯನ್ನು ಎತ್ತಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದ. ಚಿತ್ರಾ ಎರಡೂ ಕೈಗಳ ಹಸಿ ಮೆಹಂದಿಯ ಸಮೇತ ಹಿಂದೆ ಹತ್ತಿ ಅಮ್ಮನ ಭುಜ ಹಿಡಿದುಕೊಂಡಳು. ಬಿಡಿಸಿದ ಹೂಬಳ್ಳಿಯೆಲ್ಲ ಅಮ್ಮನ ಹೊಸ ಸೀರೆಗೆ ಮೆತ್ತಿಕೊಂಡಿತು.

ಈ ವಿಷಕ್ಕೆ ಮದ್ದಿಲ್ಲ ಎಂದು ಕುಮುದಾ ಅವರಿಗೆ ಗೊತ್ತಿತ್ತು. ಒಂದು ರಾತ್ರಿ ಆಸ್ಪತ್ರೆಯ ಯಂತ್ರ ಉಸಿರಾಡಿಸಿದರೆ ವಿಷ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಅವಳ ಎದೆ ಏರಿಳಿಯುತ್ತಿರಬೇಕು. ಅವರು ಗೇರು ಹಾಕಿ ಕಾರನ್ನು ಆಸ್ಪತ್ರೆಯ ಕಡೆ ತಿರುಗಿಸಿದರು.

"ಡಾಕ್ಟ್ರೆ," ಎಂದಳು ಗುಲಾಬಿ, ನಾಲಿಗೆ ಹೊರಳದೆ. "ನಿದ್ದೆ ಬಂದ ಹಾಗೆ ಆಗ್ತದೆ. ಬೈಯಿರಿ. ನಿಮ್ಮ ಬೈಗುಳ ಕೇಳ್ತಾ ಇದ್ರೆ ಕಣ್ಣು ಮುಚ್ಚೂದಿಲ್ಲ."

ಕುಮುದಾ ಬೈಯತೊಡಗಿದರು. ಮುಂಡೇದೇ, ಕತ್ತೆ, ಮಗಳ ಮದುವೆ ಇಟ್ಟುಕೊಂಡು ವಿಷ ತಿಂದವಳೇ, ನಾನು ಹೇಳಿದಾಗ ಕಿವಿಗೆ ಎಂತ ತುಂಬಿಕೊಂಡಿದ್ದೆ, ಕಣ್ಣು ಬಿಡು, ಉಸಿರೆಳೆ, ಇನ್ನೊಂದು ಸಲ ಎಳೆ, ಗೂಬೆ, ನಿನ್ನನ್ನು ಯಾರು ತಿನ್ನಲು ಹೇಳಿದ್ದು, ನಾನಾ ಹೇಳಿದ್ದು, ಹೌದು ನಾನೇ ಹೇಳಿದ್ದು, ಕಣ್ಣು ಬಿಡು ಗುಲಾಬಿ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಧ್ವನಿ ತಗ್ಗಿಸಲಿಲ್ಲ. ಹೆದ್ದಾರಿಯಲ್ಲಿ ಅಡ್ಡ ಬಂದ ಬಸ್ಸಿಗೆ ಬೈದರು, ನೀಲಾಂಗಣಕ್ಕೆ ಬೈದರು, ತಮಗೇ ಬೈದುಕೊಂಡರು, ಮತ್ತೆ ತಿರುಗಿ ಗುಲಾಬಿಗೆ ಬೈದರು. ಹಿಂದಿನಿಂದ ಚಿತ್ರಾ, "ಕೇಳಿಸ್ತಾ ಉಂಟು ಡಾಕ್ಟ್ರೆ, ಅಮ್ಮನ ಕಣ್ಣು ತೆರೆದೇ ಉಂಟು, ನಿಲ್ಲಿಸ್ಬೇಡಿ," ಎಂದು ಹೇಳುತ್ತಲೇ ಇದ್ದಳು.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರು ತಂದವರು ಗುಲಾಬಿಯನ್ನು ಮಲಗಿಸಿ ಮೂಗಿಗೆ ಗಾಳಿಯ ಮುಖವಾಡ ಹಾಕಿದರು. ಅವಳ ಎದೆ ಏರಿತು, ಇಳಿಯಿತು. ಪಕ್ಕದಲ್ಲೇ ಓಡುತ್ತಿದ್ದ ಮುದುಕಿಯನ್ನು ನೋಡಿ ಒಬ್ಬ ನರ್ಸ್, "ಸ್ವಲ್ಪ ಮೆಲ್ಲಗೆ ಮಾತಾಡಿ ಅಮ್ಮಾ, ಇದು ಆಸ್ಪತ್ರೆ," ಎಂದಳು.

ಕುಮುದಾ ಅವಳಿಗೂ ಬೈದರು.